ಕಡಲ ತಡಿಯ ಮಾಂಡವಿ ಮತ್ತು ಅದರ ದಾಬೇಲಿ

ಊರಿಗೊಂದು ತಿನಿಸು ಅಂಟಿಕೊಂಡಿರುವುದು ನಮ್ಮ ನಾಡಿನವರಿಗೆ ಹೊಸತಲ್ಲ. ಧಾರವಾಡವೆಂದೊಡನೆ ಪೇಢೆ, ಬೆಳಗಾವಿಯೆಂದೊಡನೆ ಕುಂದಾ, ಗೋಕಾಕ ಅಮೀನಗಡಗಳೆಂದರೆ ಕರದಂಟು, ಸವಣೂರೆಂದರೆ ಖಾರಾ, ದಾವಣಗೆರೆಯೆಂದರೆ ಬೆಣ್ಣೆ ದೋಸೆ ನೆನಪಿಗೆ ಬರುತ್ತವೆ. ಈ ಊರುಗಳಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದರೆ ಮನೆಯ ಮಕ್ಕಳ ಮೋರೆ ನೋಡುವಂತಿರುವುದಿಲ್ಲ. ಇದೇ ಬಗೆಯಲ್ಲಿ ಗುಜರಾತ ರಾಜ್ಯದ ಪಶ್ಚಿಮದ ತುದಿಯಲ್ಲಿರುವ ಕಚ್ಛ ಜಿಲ್ಲೆಯ ಮಾಂಡವಿ ಎಂಬ ಬಂದರು ಪಟ್ಟಣಕ್ಕೆ ದಾಬೇಲಿ ಎಂಬ ತಿನಿಸು ಹೆಸರು ತಂದಿದೆ. ಪಾವನ್ನು ಸೀಳಿ, ಒಳಗೆ ಸಿಹಿ ಮತ್ತು ಖಾರದ ಚಟ್ನಿ ಸವರಿ, ಮಸಾಲೆ ಬೆರೆಸಿದ ಆಲೂಗಡ್ಡೆ ತುಂಬಿ, ಮೇಲೆ ಶೇಂಗಾ, ದಾಳಿಂಬೆ ಕಾಳು, ಸೇವು ಉದುರಿಸಿದ ತಿನಿಸು ಇದು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳ ಸಂಜೆಯ ಗಾಡಿಗಳ ಮೇಲೂ ‘ಕಚ್ಛಿ ದಾಬೇಲಿ’ ಎಂಬ ಫಲಕವನ್ನು ಈಗ ಕಾಣಬಹುದು. ಆದರೆ ಅಲ್ಲಿ ನಿಂತು ತಿನ್ನುವವರಲ್ಲಿ ಕಚ್ಛ ಯಾವ ದಿಕ್ಕಿಗಿದೆ, ಅಲ್ಲಿಯ ಜನ ಎಂಥವರು ಎಂದು ಬಲ್ಲವರು ವಿರಳ.

ನಮಗೆ ಆ ನಾಡಿನ ಪರಿಚಯವಾದದ್ದು ನೆರೆಮನೆಯವರಿಂದ. ಹಾವೇರಿಯಲ್ಲಿ ನಮ್ಮ ಮನೆಯ ಹಿಂಬದಿಗೆ ಕಚ್ಛದ ಪಟೇಲ ಮನೆತನವೊಂದರ ಕಟ್ಟಿಗೆ ಅಡ್ಡೆಯಿದೆ. ಕರ್ನಾಟಕದ ಯಾವುದೇ ತಾಲೂಕು ಪಟ್ಟಣಕ್ಕೆ ಹೋದರೂ ಇಂಥ ಒಂದು ಅಡ್ಡೆ, ಒಂದು ಸಾ ಮಿಲ್ಲು ಕಚ್ಛದವರದ್ದಾಗಿರುವುದು ಸಾಮಾನ್ಯ. ಮಳೆ ಕಡಿಮೆಯಾದ ತಮ್ಮ ಸೀಮೆಯನ್ನು ಬಿಟ್ಟು ಬಂದ ಒಕ್ಕಲು ಮನೆತನಗಳು ಇವು. ಕಾಯಕಕ್ಕೆ ಅಂಜದ ಜನ. ನಮ್ಮ ನೆರೆಯ ಮನೆಯ ಹಿರಿಯ ಜೀವವನ್ನು ಓಣಿಯವರೆಲ್ಲ ‘ಬಾ’ ಎಂದೇ ಕರೆಯುತ್ತೇವೆ. ಬಾ ಎಂದರೆ ಅವರಲ್ಲಿ ತಾಯಿ. 1960ರ ದಶಕದ ಕೊನೆಯಲ್ಲಿ ಮದುವೆಯಾಗಿ ಹಾವೇರಿಗೆ ಬಂದ ಈ ತಾಯಿ ಕನ್ನಡವನ್ನು ಕಲಿತದ್ದು ಕಾಯಿಪಲ್ಲೆ ಮಾರುವವರಿಂದ. ಹೀಗಾಗಿ ಅವರ ಕನ್ನಡದಲ್ಲಿ ನಮ್ಮ ಸಂತೆಯ ಸೊಗಡು ಹಾಗೆಯೇ ಇದೆ. ನಾವು ಬಸವ ಜಯಂತಿಗೆ ಅವರ ಮನೆಗೆ ಪಾನಕ, ಕೋಸಂಬರಿ ಕಳುಹಿಸುತ್ತೇವೆ. ಅವರು ತಮ್ಮ ಹೊಸ ವರ್ಷವಾದ ಆಷಾಢದ ಬಿದಿಗೆಯಂದು ನಮಗೆ ಸಿಹಿ ಕೊಡುತ್ತಾರೆ. ನಮ್ಮಂತೆ ಅವರೂ ಶಾಕಾಹಾರಿಗಳಾದ್ದರಿಂದ ಕೊಡುಕೊಳ್ಳುವಿಕೆಗೆ ಎಂದೂ ಅಡ್ಡಿಯಾಗಲಿಲ್ಲ.

2022ರ ದೀಪಾವಳಿಯ ನಂತರ ಒಂದು ದಿನ ಬಾ ನಮ್ಮ ಪಡಸಾಲೆಗೆ ಬಂದು ಕುಳಿತು, “ಅಕ್ಕೋರ, ಊರಾನ ಮನಿ ಮಾರಾಕ ಹೊಂಟೇವಿ. ಸಹಿ ಮಾಡಾಕ ನಾನ ಹೋಗಬೇಕು. ನೀವೂ ಬರ್ರಿ, ಒಮ್ಮೆ ನಮ್ಮೂರು ನೋಡಿಕೊಂಡು ಬರೂಣು” ಎಂದರು. ಶಾಲೆಯಿಂದ ನಿವೃತ್ತಳಾಗಿ ನಾಲ್ಕು ವರ್ಷವಾದರೂ ಓಣಿಗೆ ನಾನಿನ್ನೂ ಅಕ್ಕೋರೇ. ಮನೆ ಮಾರುವ ಸಂಗತಿ ಸುಲಭದ್ದಾಗಿರಲಿಲ್ಲ. ಮೊಮ್ಮಗನ ವೈದ್ಯಕೀಯ ಓದಿಗೆ ಹಣ ಬೇಕಾಗಿತ್ತು. ಅಡ್ಡೆಯ ವ್ಯಾಪಾರ ಮೊದಲಿನಂತಿರಲಿಲ್ಲ. ಊರಿನ ಮನೆಯಲ್ಲಿ ವಾಸವಿದ್ದವರು ಯಾರೂ ಇರಲಿಲ್ಲ. ಆದರೂ ಕುಟುಂಬದಲ್ಲಿ ಎರಡು ಮಾತಿತ್ತು. ಮಗ ಮಾರೋಣ ಎನ್ನುತ್ತಿದ್ದರು; ಸೊಸೆ ಬೇಡ ಎನ್ನುತ್ತಿದ್ದರು. ಸೊಸೆ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಆ ಮನೆಯಲ್ಲಿ ಅವರು ಮಲಗಿದ ರಾತ್ರಿಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಬಾ ಮಾತ್ರ ಆ ಕಡೆಯೂ ಈ ಕಡೆಯೂ ಮಾತಾಡದೆ ಪಯಣಕ್ಕೆ ಸಿದ್ಧರಾದರು. ನಮ್ಮ ಯಜಮಾನರೂ ನಾನೂ ಅವರೊಡನೆ 2023ರ ಜನವರಿಯಲ್ಲಿ ಹೊರಟೆವು.

ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಮಿರಜ, ಪುಣೆಗಳ ಮೇಲೆ ಹಾದು ಅಹಮದಾಬಾದಿನ ಮೂಲಕ ಗಾಂಧೀಧಾಮ ಮುಟ್ಟುವ ಗಾಡಿಯನ್ನು ನಾವು ಹುಬ್ಬಳ್ಳಿಯಲ್ಲಿ ಹತ್ತಿದೆವು. ಡಬ್ಬಿಯಲ್ಲಿ ಅರ್ಧಕ್ಕರ್ಧ ಕಚ್ಛದವರೇ. ದಾವಣಗೆರೆ, ರಾಣೇಬೆನ್ನೂರು, ಅರಸೀಕೆರೆಗಳ ಅಡ್ಡೆಗಳ ಸುದ್ದಿ, ನಡುನಡುವೆ ಕನ್ನಡ. ನಾವು ಕಟ್ಟಿಕೊಂಡು ಹೋಗಿದ್ದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಎದುರು ಸೀಟಿನವರಿಗೂ ಸಂದಿತು. ಅವರ ಥೇಪ್ಲಾ ನಮ್ಮ ತಟ್ಟೆಗೆ ಬಂದಿತು. ಸಜ್ಜೆ ಅವರಿಗೆ ಪರಕೀಯವಲ್ಲ. ಕಚ್ಛದಲ್ಲಿಯೂ ಬಡವ ಬಲ್ಲಿದರೆಲ್ಲ ಉಣ್ಣುವುದು ಸಜ್ಜೆಯ ರೊಟ್ಟಿಯನ್ನೇ. ಅದನ್ನು ಬಾಜರಾ ನೋ ರೋಟಲೋ ಎನ್ನುತ್ತಾರೆ.

ವಿಸ್ತಾರದಲ್ಲಿ ಕಚ್ಛ ಭಾರತದ ಅತಿ ದೊಡ್ಡ ಜಿಲ್ಲೆ. 45,674 ಚದರ ಕಿಲೋಮೀಟರು. ನಮ್ಮ ಇಡೀ ಕರ್ನಾಟಕದ ಕಾಲುಭಾಗಕ್ಕೆ ತುಸು ಕಡಿಮೆ. ಉತ್ತರಕ್ಕೆ ಉಪ್ಪಿನ ಬಯಲಾದ ರಣ, ದಕ್ಷಿಣಕ್ಕೆ ಕಡಲು. ನಡುವಿನ ನೆಲದಲ್ಲಿ ಜಾಲಿಯೇ ಜಾಲಿ. ಸ್ವಾತಂತ್ರ್ಯಕ್ಕೆ ಮುಂಚೆ ತನ್ನದೇ ಅರಸರು, ‘ಕೋರಿ’ ಎಂಬ ತನ್ನದೇ ನಾಣ್ಯವಿದ್ದ ಸಂಸ್ಥಾನ ಇದು. ಅಲ್ಲಿಯ ಜನರ ಮನೆಮಾತು ಕಚ್ಛಿ. ಅದು ಗುಜರಾತಿಗಿಂತ ಸಿಂಧಿ ಭಾಷೆಗೆ ಹತ್ತಿರ. 1956ರಲ್ಲಿ ಮುಂಬಯಿ ರಾಜ್ಯಕ್ಕೂ 1960ರಲ್ಲಿ ಗುಜರಾತಕ್ಕೂ ಸೇರಿತು.

ಗಾಂಧೀಧಾಮದಿಂದ ಭುಜಕ್ಕೆ ಹೋಗುವ ದಾರಿಯಲ್ಲಿ ಅಂಜಾರ ಎಂಬ ಪಟ್ಟಣ ಬರುತ್ತದೆ. ಅಲ್ಲಿ ವಾಹನ ನಿಲ್ಲಿಸಲು ಬಾ ಹೇಳಿದರು. 2001ರ ಜನವರಿ 26ರಂದು ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಭೂಮಿ ಕಂಪಿಸಿದಾಗ ಇಲ್ಲಿಯ ಶಾಲಾಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಇಕ್ಕಟ್ಟಾದ ಓಣಿಯೊಂದನ್ನು ಹಾದು ಹೋಗುತ್ತಿದ್ದರು. ಎರಡೂ ಬದಿಯ ಮನೆಗಳು ಅವರ ಮೇಲೆ ಕುಸಿದವು. 185 ಮಕ್ಕಳೂ 20 ಮಂದಿ ಶಿಕ್ಷಕರೂ ಅಸುನೀಗಿದರು. ಅವರ ನೆನಪಿಗಾಗಿ ‘ವೀರ ಬಾಲಕ ಸ್ಮಾರಕ’ವನ್ನು 2022ರಲ್ಲಿ ತೆರೆಯಲಾಯಿತು. ಮೂವತ್ತು ವರ್ಷಗಳ ಕಾಲ ಇದೇ ದಿನ ಇದೇ ಹೊತ್ತಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಓಣಿ ಓಣಿ ಸುತ್ತಿಸಿದ ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಆ ಕಂಪನದಲ್ಲಿ ಅಂಜಾರ, ಭಚಾವು, ರಾಪರ, ಭುಜ ಪಟ್ಟಣಗಳು ಹೆಚ್ಚಾಗಿ ನೆಲಕ್ಕೆ ಒರಗಿದವು. ಮಾಂಡವಿ ತಾಲೂಕಿನಲ್ಲಿದ್ದ ಬಾ ಅವರ ಮನೆಯ ಮುಂಭಾಗದ ಗೋಡೆ ಬಿದ್ದಿತು. ಹಿತ್ತಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಅವರ ಹಿರಿಯ ನೆಗೆಣ್ಣಿ ಉಳಿದುಕೊಂಡರು. ನೆಗೆಣ್ಣಿ ತೀರಿದ ಮೇಲೆ ಮನೆಗೆ ಬೀಗ ಬಿದ್ದಿತು.

ಭುಜದಿಂದ ಮಾಂಡವಿ ಸುಮಾರು 60 ಕಿಲೋಮೀಟರು. ದಾರಿಯ ಇಕ್ಕೆಲಗಳಲ್ಲಿ ದಾಳಿಂಬೆಯ ತೋಟಗಳನ್ನೂ ಖರ್ಜೂರದ ತೋಪುಗಳನ್ನೂ ಕಾಣಬಹುದು. ಖರ್ಜೂರದ ವಿಷಯವನ್ನು ಇಲ್ಲಿಯೇ ಹೇಳಿಬಿಡುವೆ. ಕಚ್ಛದಲ್ಲಿ ಬೆಳೆಯುವ ಖರ್ಜೂರವನ್ನು ಮರದಲ್ಲಿಯೇ ಪೂರ್ಣ ಕಳಿಯಲು ಬಿಡುವಂತಿಲ್ಲ. ಅಷ್ಟರೊಳಗೆ ಮಳೆಗಾಲ ಬಂದು ಹಣ್ಣು ಕೆಡುತ್ತದೆ. ಆದಕಾರಣ ಇನ್ನೂ ಗರಿಗರಿಯಾಗಿ ಹಳದಿ ಅಥವಾ ಕೆಂಪಾಗಿರುವಾಗಲೇ, ಜೂನ್ ಜುಲೈ ಸುಮಾರಿಗೆ, ಕೊಯ್ದು ಹಾಗೆಯೇ ತಿನ್ನುತ್ತಾರೆ. ಇದಕ್ಕೆ ಖಾರೇಕ್ ಎಂದು ಹೆಸರು. ನಾವು ಹೋಗಿಬಂದ ಮರುವರ್ಷ, 2024ರಲ್ಲಿ, ‘ಕಚ್ಛಿ ಖಾರೇಕ್’ಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ದೊರೆತಂತೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ದಾಬೇಲಿಯ ಚಟ್ನಿಗೆ ಬೇಕಾದ ಮೆತ್ತನೆಯ ಕಪ್ಪು ಖರ್ಜೂರ ಮಾತ್ರ ಅರಬ ದೇಶಗಳಿಂದ ಬರುವಂಥದು. ಹುಣಸೆಹಣ್ಣಿಗೆ ಇಂಗ್ಲಿಷಿನಲ್ಲಿರುವ ಟ್ಯಾಮರಿಂಡ್ ಎಂಬ ಹೆಸರು ಹುಟ್ಟಿದ್ದು ‘ಹಿಂದದ ಖರ್ಜೂರ’ ಎಂಬ ಅರ್ಥದ ಅರಬಿ ಮಾತಿನಿಂದ. ಅರಬರ ಖರ್ಜೂರವೂ ಅವರು ಖರ್ಜೂರವೆಂದೇ ಕರೆದ ನಮ್ಮ ಹುಣಸೆಯೂ ಈ ಚಟ್ನಿಯಲ್ಲಿ ಒಂದೇ ಬೋಗುಣಿಗೆ ಬೀಳುತ್ತವೆ.

ಮಾಂಡವಿ ರುಕ್ಮಾವತೀ ನದಿ ಕಡಲನ್ನು ಕೂಡುವಲ್ಲಿ ಇದೆ. 16ನೆಯ ಶತಮಾನದಲ್ಲಿ ಕಚ್ಛದ ಅರಸನಾದ ಒಂದನೆಯ ಖೆಂಗಾರ್ಜಿ ಇದನ್ನು ಕಟ್ಟಿಸಿದನು. ಊರಿನ ಸುತ್ತ ಇದ್ದ ಕೋಟೆಯ ತುಣುಕುಗಳು, ಕೆಲವು ಬಾಗಿಲುಗಳು ಇಂದಿಗೂ ಇವೆ. ಇಲ್ಲಿಂದ ಮಸ್ಕತ್, ಜಂಜಿಬಾರ, ಮೊಂಬಾಸಾಗಳಿಗೆ ಹಡಗುಗಳು ಹೋಗುತ್ತಿದ್ದವು. ಹೋದವರಲ್ಲಿ ಅನೇಕರು ಅಲ್ಲಿಯೇ ನೆಲೆಸಿದರು. ಕಡಲ ದಂಡೆಯಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. ಭಾರತದಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಮೊದಮೊದಲ ಪ್ರಯತ್ನಗಳು 1980ರ ದಶಕದಲ್ಲಿ ನಡೆದ ಸ್ಥಳಗಳಲ್ಲಿ ಇದೂ ಒಂದು. ಗದುಗಿನ ಕಪ್ಪತಗುಡ್ಡದ ಮೇಲಿನ ಯಂತ್ರಗಳನ್ನು ದಿನವೂ ನೋಡುವ ನಮಗೆ ಅದು ಬೆರಗೆನಿಸಲಿಲ್ಲ. ವಿಜಯ ವಿಲಾಸ ಅರಮನೆ 1920ರ ದಶಕದಲ್ಲಿ ಕಟ್ಟಿದ್ದು. ಹಿಂದಿ ಚಲನಚಿತ್ರದವರು ಬಂದು ಹೋದ ಮೇಲೆ ಹೆಚ್ಚು ಪ್ರಸಿದ್ಧವಾಯಿತು. ಚೆನ್ನಾಗಿದೆ, ಅಷ್ಟೆ.

ನೋಡಲೇಬೇಕಾದದ್ದು ನದಿಯ ದಂಡೆಯ ಮೇಲೆ ಮರದ ಹಡಗು ಕಟ್ಟುವ ಕೆಲಸ. ನಮ್ಮ ಕರಾವಳಿಯ ಪತ್ತೇಮಾರಿಯನ್ನು ಹೋಲುವ, ಆದರೆ ಅದರ ಹತ್ತು ಪಟ್ಟು ದೊಡ್ಡವಾದ ಹಡಗುಗಳು ಊರಿನ ಮಗ್ಗುಲಲ್ಲಿಯೇ, ಬಸ್ಸು ಓಡಾಡುವ ರಸ್ತೆಯ ಪಕ್ಕದಲ್ಲಿಯೇ ಎದ್ದು ನಿಂತಿವೆ. ಕಚ್ಛಿಯರು ಅದನ್ನು ವಹಾಣ ಎನ್ನುತ್ತಾರೆ. ನಾಲ್ಕು ನೂರು ವರ್ಷಗಳಿಂದ ಇಲ್ಲಿ ಈ ಕಸುಬು ನಡೆದುಬಂದಿದೆ. ಹಲಗೆಗೆ ಹೊರದೇಶದಿಂದ ಬಂದ ಗಟ್ಟಿಮರ, ಒಳಗಿನ ಪಕ್ಕೆಲುಬುಗಳಿಗೆ ಬಾಗಿದ ಜಾಲಿಯ ಕೊಂಬೆ, ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ. ಮೊದಲಿನಿಂದಲೂ ಕಾಗದದ ಮೇಲೆ ನಕಾಶೆಯಿಲ್ಲದೆ ಹಿರಿಯ ಬಡಿಗನ ಕಣ್ಣಳತೆಯಲ್ಲಿಯೇ ಒಂದು ಹಡಗು ಎರಡು ಮೂರು ವರ್ಷಗಳಲ್ಲಿ ಮುಗಿಯುತ್ತದೆ. ಬಾ ಅವರ ಮಗ ಮರದ ವ್ಯಾಪಾರದವರಾದ್ದರಿಂದ ಪ್ರತಿಯೊಂದು ಹಲಗೆಯನ್ನು ತಟ್ಟಿ ನೋಡುತ್ತ ನಡೆದರು. ದಂಡೆಯ ಒಂದು ಕಡೆ ಅರ್ಧಕ್ಕೇ ನಿಂತು ಬಣ್ಣ ಮಾಸಿದ ಹಡಗೊಂದಿತ್ತು. ಕಬ್ಬಿಣದ ಹಡಗುಗಳ ಕಾಲದಲ್ಲಿ ಈ ಕಸುಬಿಗೆ ಮೊದಲಿನ ಬೇಡಿಕೆಯಿಲ್ಲವೆಂದು ಅಲ್ಲಿದ್ದ ಬಡಿಗರು ಹೇಳಿದರು.

ಶ್ಯಾಮಜಿ ಕೃಷ್ಣವರ್ಮರು 1857ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಸಂಸ್ಕೃತ ಪಂಡಿತರಾಗಿ ಇಂಗ್ಲೆಂಡಿಗೆ ಹೋಗಿ, 1905ರಲ್ಲಿ ಲಂಡನ್ನಿನಲ್ಲಿ ‘ಇಂಡಿಯಾ ಹೌಸ್’ ತೆರೆದು, ಸ್ವಾತಂತ್ರ್ಯ ಹೋರಾಟದ ತರುಣರಿಗೆ ನೆಲೆ ಕೊಟ್ಟವರು ಅವರು. 1930ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಅಸ್ಥಿ 73 ವರ್ಷ ಅಲ್ಲಿಯೇ ಉಳಿದು, 2003ರಲ್ಲಿ ತಾಯ್ನಾಡಿಗೆ ಬಂದಿತು. ಊರ ಹೊರಗೆ 2010ರಲ್ಲಿ ಸಿದ್ಧವಾದ ಕ್ರಾಂತಿ ತೀರ್ಥವೆಂಬ ಸ್ಮಾರಕದಲ್ಲಿ ಲಂಡನ್ನಿನ ಆ ಕೆಂಪು ಮನೆಯ ಪ್ರತಿರೂಪವನ್ನೇ ಕಟ್ಟಿದ್ದಾರೆ. ಜಾಲಿಯ ಬಯಲಿನ ನಡುವೆ ವಿಲಾಯತಿ ಮನೆಯೊಂದು ನಿಂತಿರುವುದು ವಿಚಿತ್ರವಾಗಿ ಕಂಡರೂ, ಮಕ್ಕಳಿದ್ದವರು ಅವರನ್ನು ಕರೆದುಕೊಂಡು ಹೋಗಿ ತೋರಿಸತಕ್ಕ ಸ್ಥಳ.

ಮೂರನೆಯ ದಿನ ನೋಂದಣಿ ಕಚೇರಿಯ ಕೆಲಸ. ಬಾ ಹಿಂದಿನ ರಾತ್ರಿಯನ್ನು ಆ ಮನೆಯಲ್ಲಿ ಒಬ್ಬರೇ ಕಳೆಯುವೆನೆಂದು ಹಟ ಹಿಡಿದರು. ಒಬ್ಬರನ್ನೇ ಬಿಡಲು ಯಾರೂ ಒಪ್ಪಲಿಲ್ಲವಾಗಿ ನಾನು ಜೊತೆಗೆ ಉಳಿದೆ. ಎರಡು ಕೋಣೆ, ಒಂದು ಪಡಸಾಲೆ, ಹೊಸದಾಗಿ ಕಟ್ಟಿದ ಮುಂಗೋಡೆ. ಬಾ ದುಃಖಪಡಲಿಲ್ಲ. ಇಲ್ಲಿ ನೀರಿನ ಕೊಡ ಇಡುತ್ತಿದ್ದರು, ಇಲ್ಲಿ ಅತ್ತೆ ಕೂಡುತ್ತಿದ್ದರು ಎಂದು ತೋರಿಸಿ, ಬೇಗ ನಿದ್ದೆ ಹೋದರು. ಮರುದಿನ ಕಾಗದಪತ್ರಗಳ ಮೇಲೆ ಸಹಿಯ ಬದಲು ಹೆಬ್ಬೆಟ್ಟು ಒತ್ತುವಾಗ ಕಣ್ಣೀರು ಸುರಿಸಿದವರು ಸೊಸೆ. ಬಾ ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು, “ಹುಡುಗ ಡಾಕ್ಟರ್ ಆಗಲಿ. ಮನಿ ಖಾಲಿ ಇದ್ದರ ಗೆದ್ದಲಿಗಷ್ಟ ಲಾಭ” ಎಂದರು. ಅನಂತರ ಕಚೇರಿಯ ಮೆಟ್ಟಿಲಿಳಿಯುತ್ತ, “ಇವತ್ತ ಅಡಿಗಿ ಬ್ಯಾಡ. ನಡೀರಿ, ದಾಬೇಲಿ ತಿನ್ನೂಣು” ಎಂದು ತಾವೇ ಮುಂದಾದರು.

ಪೇಟೆಯ ಒಂದು ಮೂಲೆಯಲ್ಲಿ ಗಾಡಿ. ಅಗಲವಾದ ಸ್ಟೀಲಿನ ತಟ್ಟೆಯಲ್ಲಿ ಕಂದು ಬಣ್ಣದ ಪಲ್ಯವನ್ನು ಗುಡ್ಡೆ ಮಾಡಿ, ಅದರ ಮೇಲೆ ಕೊಬ್ಬರಿ, ಕೊತ್ತಂಬರಿ, ದಾಳಿಂಬೆ ಕಾಳನ್ನು ಹೂವಿನ ಅಲಂಕಾರದಂತೆ ಹರಡಿದ್ದರು. ಗಾಡಿಯವನ ಕೈ ಕ್ಷಣವೂ ನಿಲ್ಲುತ್ತಿರಲಿಲ್ಲ. ನಾವು ತಿಂದ ಗಾಡಿಯಲ್ಲಿ ಪಾವನ್ನು ಹಂಚಿನ ಮೇಲೆ ಬೆಣ್ಣೆಯಲ್ಲಿ ಹುರಿಯಲಿಲ್ಲ. ಆ ದಿನದ ಮೆತ್ತನೆಯ ಪಾವಿಗೆ ಹಾಗೆಯೇ ತುಂಬಿಕೊಟ್ಟರು. ಬಾಯಿಗಿಟ್ಟೊಡನೆ ಮೊದಲು ಸಿಹಿ, ಬಳಿಕ ಹುಳಿ, ನುಂಗಿದ ಮೇಲೆ ಲವಂಗ ದಾಲ್ಚಿನ್ನಿಗಳ ಕಂಪಿನೊಡನೆ ಖಾರ. ನಡುವೆ ಶೇಂಗಾ ಕಟುಮ್ಮೆನ್ನುತ್ತದೆ, ದಾಳಿಂಬೆ ಒಡೆದು ತಣ್ಣಗಾಗುತ್ತದೆ. ಬಾ ಎರಡು ತಿಂದರು. ಮದುವೆಗೆ ಮುಂಚೆ ತಂದೆಯೊಡನೆ ಮಾಂಡವಿಯ ಪೇಟೆಗೆ ಬಂದಾಗ ತಿಂದ ರುಚಿಯೇ ಇದು ಎಂದು ಹೇಳಿ, ಸೊಸೆಯ ತಟ್ಟೆಗೂ ಮತ್ತೊಂದನ್ನು ಹಾಕಿಸಿದರು. ಸೊಸೆ ಅದನ್ನು ತಿಂದು ಮುಗಿಸುವ ತನಕ ಪಕ್ಕದಲ್ಲಿಯೇ ನಿಂತಿದ್ದರು.

ದಾಬೇಲಿಯನ್ನು ಮೊದಲು ಮಾಡಿದವರು ಮಾಂಡವಿಯ ಕೇಶವಜಿ ಗಾಭಾ ಚುಡಾಸಮಾ ಎಂಬವರು, 1960ರ ದಶಕದಲ್ಲಿ ಎಂದು ಕಚ್ಛದಲ್ಲೆಲ್ಲ ಹೇಳುತ್ತಾರೆ. ಆಗ ಒಂದಕ್ಕೆ ಒಂದು ಆಣೆ ಬೆಲೆಯಿತ್ತಂತೆ. ಗುಜರಾತಿಯಲ್ಲಿ ದಾಬೇಲಿ ಎಂದರೆ ಒತ್ತಿದ್ದು, ಅದುಮಿದ್ದು. ನಮ್ಮಲ್ಲಿ ಒಬ್ಬರನ್ನೊಬ್ಬರು ‘ದಬಾಯಿಸುವ’ ಮಾತೂ ಇದೇ ಬಳಗದ್ದು. ‘ಕಚ್ಛಿ ಡಬಲ್ ರೋಟಿ’ ಎಂದೂ ಇದಕ್ಕೆ ಹೆಸರುಂಟು. ಪಾವ್ ಎಂಬುದು ಪೋರ್ತುಗೀಜರ ಮಾತು. ಆಲೂಗಡ್ಡೆ, ಮೆಣಸಿನಕಾಯಿ, ಶೇಂಗಾ ಮೂರೂ ದಕ್ಷಿಣ ಅಮೆರಿಕಾ ಕಡೆಯಿಂದ ಹಡಗಿನಲ್ಲಿ ಬಂದವು. ಕಡಲ ವ್ಯಾಪಾರದ ಊರಿನಲ್ಲಿ ಇಂಥದೊಂದು ತಿನಿಸು ಹುಟ್ಟಿದ್ದು ಸಹಜವೇ ಸರಿ. ಊರು ಬಿಟ್ಟ ಕಚ್ಛಿಯರೊಡನೆ ಇದು ಮುಂಬಯಿ, ಪುಣೆಗಳಿಗೂ ಬಂದಿತು. ಅಲ್ಲಿ ಬೆಣ್ಣೆಯಲ್ಲಿ ಅದ್ದಿ ಹುರಿಯುತ್ತಾರೆ. ಇತ್ತೀಚೆಗೆ ಚೀಸನ್ನು ತುರಿದು ಹಾಕುವುದನ್ನೂ ಕಂಡಿದ್ದೇನೆ. ಚೀಸು ಬಿದ್ದ ಮೇಲೆ ಲವಂಗದ ಕಂಪೂ ಹುಣಸೆಯ ಹುಳಿಯೂ ಅದರ ಅಡಿಯಲ್ಲಿ ಅಡಗಿಹೋಗುತ್ತವೆ. ಅದನ್ನು ದಾಬೇಲಿ ಎನ್ನಲು ನನ್ನ ನಾಲಿಗೆ ಒಪ್ಪದು. ಗಡ್ಡೆಗೆಣಸು ತಿನ್ನದ ಜೈನರಿಗಾಗಿ ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿ, ಉಳ್ಳಾಗಡ್ಡಿ ಬಳ್ಳೊಳ್ಳಿ ಬಿಟ್ಟು ಮಾಡುವ ಬಗೆ ಮಾತ್ರ ಬಹು ರುಚಿಕರ.

ಈಗ ಮಾಡುವ ವಿಧಾನ. ಇದು ಬಾ ತಮ್ಮ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಕಲಿಸಿದ್ದು. ಅವರದು ಕೈಯಳತೆ, ಚಮಚೆಯ ಲೆಕ್ಕ ನಾನು ಬರೆದುಕೊಂಡದ್ದು. ಹನ್ನೆರಡು ಪಾವಿಗೆ ಸಾಕಾಗುತ್ತದೆ.

ಎಲ್ಲಕ್ಕೂ ಮುಖ್ಯವಾದದ್ದು ಮಸಾಲೆ ಪುಡಿ. ಕೊತ್ತಂಬರಿ ಕಾಳು ಎರಡು ದೊಡ್ಡ ಚಮಚೆ, ಜೀರಿಗೆ ಒಂದು ಸಣ್ಣ ಚಮಚೆ, ಬಡೆಸೋಪು ಒಂದು ಸಣ್ಣ ಚಮಚೆ, ಲವಂಗ ನಾಲ್ಕು, ಕರಿಮೆಣಸು ಎಂಟು, ಬೆರಳುದ್ದದ ಅರ್ಧದಷ್ಟು ದಾಲ್ಚಿನ್ನಿ, ಚಕ್ರಮೊಗ್ಗಿನ ಎರಡು ಎಸಳು, ಒಂದು ತೇಜಪತ್ರೆ. ಇವನ್ನು ಸಣ್ಣ ಉರಿಯಲ್ಲಿ ಕಂಪು ಬರುವವರೆಗೆ ಹುರಿಯಬೇಕು. ಕೊತ್ತಂಬರಿ ಕಪ್ಪಾದರೆ ಪುಡಿ ಕಹಿಯಾಗುತ್ತದೆ. ಅದೇ ಬಾಣಲೆಯಲ್ಲಿ ಒಂದು ಚಮಚೆ ಬಿಳಿ ಎಳ್ಳು, ಒಂದು ದೊಡ್ಡ ಚಮಚೆ ಒಣಕೊಬ್ಬರಿಯ ತುರಿಯನ್ನು ಬೇರೆಯಾಗಿ ಹುರಿಯಬೇಕು. ಐದಾರು ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿ ಮಾಡಿ ಗರಿಗರಿಯಾಗಿಸಿ, ಎಲ್ಲವೂ ಆರಿದ ಮೇಲೆ ಒಂದು ಚಮಚೆ ಸಕ್ಕರೆ, ಅರ್ಧ ಚಮಚೆ ಆಮಚೂರ್ ಪುಡಿ, ಉಪ್ಪು ಸೇರಿಸಿ ಪುಡಿ ಮಾಡಬೇಕು. ಕಚ್ಛದವರು ಬಳಸುವ ಮೆಣಸಿನಕಾಯಿ ಬೇರೆ; ಹಾವೇರಿಗೆ ಬಂದ ಮೇಲೆ ಬಾ ಬ್ಯಾಡಗಿಯನ್ನೇ ಹಿಡಿದರು. ಬಣ್ಣ ಹೆಚ್ಚು, ಉರಿ ಕಡಿಮೆಯಾದ್ದರಿಂದ ಈ ತಿನಿಸಿಗೆ ಅದು ಹೇಳಿ ಮಾಡಿಸಿದಂತಿದೆ. ತಾವು ಊರಿಗೆ ಹೋದಾಗ ಬ್ಯಾಡಗಿಯನ್ನು ಒಯ್ದು ನೆಂಟರಿಗೆ ಹಂಚುವ ಪರಿಪಾಠವೂ ಅವರಲ್ಲಿದೆ.

ಸಿಹಿ ಚಟ್ನಿಗೆ ಬೀಜ ತೆಗೆದ ಹನ್ನೆರಡು ಮೆತ್ತನೆಯ ಖರ್ಜೂರ, ನಿಂಬೆಹಣ್ಣಿನ ಗಾತ್ರದ ಹುಣಸೆ, ಅಷ್ಟೇ ಎರಡು ಉಂಡೆ ಬೆಲ್ಲ, ಎರಡು ಲೋಟ ನೀರು. ಇವನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಅರೆದು, ಜರಡಿಯಲ್ಲಿ ಸೋಸಿ, ಹುರಿದ ಜೀರಿಗೆ ಪುಡಿ, ಕಪ್ಪು ಉಪ್ಪು, ಚಿಟಿಕೆ ಖಾರದ ಪುಡಿ ಸೇರಿಸಿದರಾಯಿತು. ಮೆತ್ತನೆಯ ಖರ್ಜೂರ ಸಿಗದಿದ್ದರೆ ಉತ್ತತ್ತಿಯನ್ನು ರಾತ್ರಿಯಿಡೀ ನೆನೆಸಿ ಹಾಕಬಹುದು. ಆಗ ಬೆಲ್ಲ ತುಸು ಹೆಚ್ಚು ಬೇಕಾಗುತ್ತದೆ. ಖಾರದ ಚಟ್ನಿಗೆ ಹದಿನೈದು ಎಸಳು ಬಳ್ಳೊಳ್ಳಿ, ಬಿಸಿನೀರಿನಲ್ಲಿ ನೆನೆಸಿದ ಎಂಟು ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ಒರಳಿನಲ್ಲಿ ಅರೆದರೆ ಉತ್ತಮ. ನಮ್ಮ ಮನೆಗಳಲ್ಲಿರುವ ಕೆಂಪು ಖಾರವನ್ನೇ ತೆಳುವಾಗಿ ಸವರಿದರೂ ನಡೆಯುತ್ತದೆ. ಒಮ್ಮೆ ಹಾಗೆ ಮಾಡಿ ಬಾ ಅವರಿಗೆ ಕೊಟ್ಟಾಗ ಅವರು ತಲೆದೂಗಿದರು.

ಒಂದು ಬಟ್ಟಲು ಶೇಂಗಾವನ್ನು ಹುರಿದು ಸಿಪ್ಪೆ ತೆಗೆದು, ಒಂದು ಚಮಚೆ ಬಿಸಿ ಎಣ್ಣೆಯಲ್ಲಿ ಖಾರದ ಪುಡಿ, ಉಪ್ಪು, ಚಿಟಿಕೆ ಸಕ್ಕರೆ, ಮೇಲಿನ ಮಸಾಲೆ ಪುಡಿ ಅರ್ಧ ಚಮಚೆ ಹಾಕಿ ಹೊರಳಾಡಿಸಿ ಇಡಬೇಕು. ಒಲೆ ಆರಿಸಿದ ಮೇಲೆಯೇ ಖಾರದ ಪುಡಿ ಹಾಕುವುದು ಲೇಸು, ಇಲ್ಲವಾದರೆ ಸೀಯುತ್ತದೆ.

ಇನ್ನು ಪಲ್ಯ. ಅರ್ಧ ಕಿಲೋ ಆಲೂಗಡ್ಡೆಯನ್ನು ಬೇಯಿಸಿ, ಸುಲಿದು, ಗಂಟಿಲ್ಲದಂತೆ ಹಿಸುಕಬೇಕು. ಎರಡು ದೊಡ್ಡ ಚಮಚೆ ಎಣ್ಣೆ ಕಾದ ಮೇಲೆ ಸ್ವಲ್ಪ ಜೀರಿಗೆ, ಇಂಗು ಹಾಕಿ, ಉರಿ ತಗ್ಗಿಸಿ, ಮಸಾಲೆ ಪುಡಿ ಮೂರು ದೊಡ್ಡ ಚಮಚೆಯಷ್ಟನ್ನು ಸಿಹಿ ಚಟ್ನಿ ನಾಲ್ಕು ಚಮಚೆ ಮತ್ತು ಕಾಲು ಲೋಟ ನೀರಿನಲ್ಲಿ ಕಲಸಿ ಸುರಿಯಬೇಕು. ಎಣ್ಣೆ ಅಂಚಿಗೆ ಬಿಡುವವರೆಗೆ ಕುದಿಸಿ, ಆಲೂಗಡ್ಡೆ, ಉಪ್ಪು ಹಾಕಿ ಕಲಸಬೇಕು. ಮಸಾಲೆಯನ್ನು ಒಣಗಿದ್ದಂತೆಯೇ ಎಣ್ಣೆಗೆ ಹಾಕಬಾರದೆಂಬುದು ಬಾ ಒತ್ತಿ ಹೇಳಿದ ಮಾತು. ಪಲ್ಯ ನಮ್ಮ ದೋಸೆಯ ಪಲ್ಯದಂತೆ ಉದುರಾಗಿರದೆ, ಚಮಚೆಯಿಂದ ಸವರುವಷ್ಟು ಮೆತ್ತಗಿರಬೇಕು. ಇದನ್ನು ತಟ್ಟೆಗೆ ಹರಡಿ, ಹಸಿ ಕೊಬ್ಬರಿ, ಕೊತ್ತಂಬರಿ ಸೊಪ್ಪು, ದಾಳಿಂಬೆ ಕಾಳು ಉದುರಿಸಿ ಆರಲು ಬಿಡಬೇಕು. ಬಿಸಿಯಾಗಿದ್ದಾಗ ತುಂಬಿದರೆ ಪಾವು ನೆಂದು ಹಿಟ್ಟಾಗುತ್ತದೆ.

ಪಾವನ್ನು ಕೊಳ್ಳುವಾಗ ಶಾಕಾಹಾರಿಗಳು ಒಂದು ಮಾತು ವಿಚಾರಿಸುವುದು ಒಳ್ಳೆಯದು. ಸಾಮಾನ್ಯವಾಗಿ ಪಾವಿನ ಹಿಟ್ಟಿಗೆ ಮೊಟ್ಟೆ ಬೀಳುವುದಿಲ್ಲವಾದರೂ, ಹೊಳಪಿಗಾಗಿ ಮೇಲೆ ಅದನ್ನು ಸವರುವ ಬೇಕರಿಗಳುಂಟು. ಮೊಟ್ಟೆ ಬಳಸದ ಅಯ್ಯಂಗಾರ್ ಬೇಕರಿಗಳಲ್ಲಿ ಈ ಚಿಂತೆಯಿಲ್ಲ. ಪಾವನ್ನು ಎರಡು ಬದಿಯಿಂದ ಸೀಳಿ ಎರಡು ಬದಿಯನ್ನು ಹಾಗೆಯೇ ಬಿಡಬೇಕು. ಅದು ಚೀಲದಂತೆ ತೆರೆದುಕೊಳ್ಳುತ್ತದೆ. ಒಳಗೆ ಒಂದು ಮಗ್ಗುಲಿಗೆ ಸಿಹಿ, ಇನ್ನೊಂದಕ್ಕೆ ಖಾರ ಸವರಿ, ಎರಡು ಚಮಚೆ ಪಲ್ಯ ತುಂಬಿ, ಶೇಂಗಾ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಇನ್ನಷ್ಟು ದಾಳಿಂಬೆ ಹಾಕಿ, ಅಂಗೈಯಿಂದ ಮೆಲ್ಲನೆ ಅದುಮಿ, ತೆರೆದ ಅಂಚನ್ನು ಸೇವಿನಲ್ಲಿ ಒತ್ತಿ ಕೊಡಬೇಕು. ಪಾವು ಹಿಂದಿನ ದಿನದ್ದಾಗಿದ್ದರೆ ಹಂಚಿನ ಮೇಲೆ ಅರ್ಧ ಚಮಚೆ ತುಪ್ಪ ಹಾಕಿ ಎರಡೂ ಕಡೆ ಬೆಚ್ಚಗೆ ಮಾಡಬಹುದು; ಆಗ ಸೇವನ್ನು ಕೊನೆಗೆ ಹಚ್ಚಬೇಕು.

ಮಸಾಲೆ ಪುಡಿ ಗಾಜಿನ ಬಾಟಲಿಯಲ್ಲಿ ಎರಡು ತಿಂಗಳು ಕೆಡದೆ ಉಳಿಯುತ್ತದೆ. ಸಿಹಿ ಚಟ್ನಿಯನ್ನು ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ. ಪಲ್ಯವನ್ನು ಮಾತ್ರ ಅಂದಂದಿಗೇ ಮಾಡಬೇಕು. ದೊಡ್ಡ ಬಾಟಲಿಯೊಂದರಲ್ಲಿ ಈ ಪುಡಿಯನ್ನು ತುಂಬಿ ಬಾ ಈಗ ಮೊಮ್ಮಗನ ವಸತಿಗೃಹಕ್ಕೆ ತಪ್ಪದೆ ಕಳುಹಿಸುತ್ತಾರೆ. ಅಲ್ಲಿ ಪಾವು ಸಿಗದ ದಿನ ಹುಡುಗರು ಅದನ್ನು ಚಪಾತಿಯಲ್ಲಿ ಸುತ್ತಿ ತಿನ್ನುತ್ತಾರೆಂದು ಕೇಳಿ ಅವರಿಗೆ ಸ್ವಲ್ಪ ಅಸಮಾಧಾನವಿದೆ.